ಥ್ಯಾಂಕ್ಯೂ, ಲೀಡರ್

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಶಿಷ್ಟಾಚಾರದ ತರಗತಿ ನಡೆಯುತ್ತದೆ ಎಂದು ಬೀದಿಯ ಅರ್ಧ ಜನ ಬಹಳ ದಿನ ನಂಬಿದ್ದರು. ಈ ಸಾಲುಗಳನ್ನು ಬರೆಯುತ್ತಿರುವವನೂ ಆ ಅರ್ಧದಲ್ಲೇ ಇದ್ದ. ನಂಬದೆ ಇರುವುದಾದರೂ ಹೇಗೆ? ಶಾಲೆ ಬಿಟ್ಟ ಸ್ವಲ್ಪ ಹೊತ್ತಿಗೆ ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಆ ಇಕ್ಕಟ್ಟಿನ ಮೆಟ್ಟಿಲು ಹತ್ತುತ್ತಿದ್ದರು. ಆಮೇಲೆ ಕಿಟಕಿಯಿಂದ ಒಂದರ ಹಿಂದೊಂದು ದನಿ ಇಳಿದು ಬರುತ್ತಿತ್ತು. “ಥ್ಯಾಂಕ್ಯೂ.” “ಥ್ಯಾಂಕ್ಯೂ.” ಮುಂದಿನ ಮಾತನ್ನು ವಾಹನಗಳ ಗದ್ದಲ ನುಂಗಿಹಾಕುತ್ತಿತ್ತು. ಮನೆಯಲ್ಲಿ ಹಾಲಿನ ಲೋಟ ಕೈಗೆ ಕೊಟ್ಟರೂ ಕಣ್ಣೆತ್ತಿ ನೋಡದ ವಯಸ್ಸಿನವರು ಇಷ್ಟೊಂದು ಸಲ ಕೃತಜ್ಞರಾಗುವುದನ್ನು ಕೇಳಿ ಮನಸೋತು, ಬರಹಗಾರ ತನ್ನ ತಂಗಿಯ ಮಗನನ್ನು ಕೈಹಿಡಿದುಕೊಂಡು ಹೋಗಿ ಸೇರಿಸಲು ಹೊರಟ.

ಬಾಗಿಲು ತಳ್ಳಿದರೆ ಮಬ್ಬುಗತ್ತಲೆಯ ಕೋಣೆ. ಗೋಡೆಗೆ ಒತ್ತಿ ಆರು ಕಂಪ್ಯೂಟರು. ಆರರಲ್ಲೂ ಹೊಗೆ, ಬೆಂಕಿ, ರಕ್ತ. ಎರಡು ಜಡೆಯ ಒಬ್ಬ ಹುಡುಗಿ ಕುರ್ಚಿಯಿಂದ ಎದ್ದು, ಕೈ ಕಟ್ಟಿ, “ಥ್ಯಾಂಕ್ಯೂ, ಕೊಕ್ಕರೆ” ಎಂದು ಹೇಳಿ ಕೂತಳು.

“ಯಾಕಮ್ಮ ಥ್ಯಾಂಕ್ಸು?”

“ನನ್ನ ತಲೆಗೆ ಗುಂಡು ಹೊಡೆದ್ನಲ್ಲ ಅಂಕಲ್, ಅದಕ್ಕೆ.”

ತಂಗಿಯ ಮಗ ಅಂದಿನಿಂದ ಅಲ್ಲೇ ಇದ್ದಾನೆ. ತಂಗಿ ಅಂದಿನಿಂದ ಫೋನು ಮಾಡಿಲ್ಲ.

ಆ ಕೋಣೆಯ ಒಡತಿಯನ್ನು ಮಕ್ಕಳು ಅಕ್ಕ ಎನ್ನುತ್ತಾರೆ, ಬೀದಿಯವರು ಮಹಡಿಯಕ್ಕ ಎನ್ನುತ್ತಾರೆ. ವಯಸ್ಸು ಐವತ್ತರ ಅಂಚಿನಲ್ಲಿದೆ. ಬಾಗಿಲ ಪಕ್ಕದಲ್ಲಿ ಎದೆಮಟ್ಟದ ಮರದ ಕೌಂಟರು, ಅದರ ಹಿಂದೆ ಅವಳು, ಅವಳ ಮುಂದೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಮೌಸುಗಳು. ಇಂಥ ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಮೌಸಿನ ಎಡಗುಂಡಿ. ಗುಂಡು ಹಾರಿಸುವುದು ಅದೇ ತಾನೆ. ಅಕ್ಕ ಸಣ್ಣ ಸ್ಕ್ರೂಡ್ರೈವರಿನಿಂದ ಬಲಗುಂಡಿಯ ಸ್ವಿಚ್ಚನ್ನು ಕಿತ್ತು ಎಡಕ್ಕೆ ಕೂರಿಸಿ, “ಇಷ್ಟು ದಿನ ಕೂತು ತಿಂದೆ, ಇನ್ನು ದುಡಿ” ಎಂದು ಅದಕ್ಕೆ ಬುದ್ಧಿ ಹೇಳುತ್ತಾಳೆ. ಫೋನು ಬಂದರೆ ಬಲಗಿವಿಗೇ ಹಿಡಿಯುತ್ತಾಳೆ. ಎಡಗಿವಿಯಲ್ಲಿ ಒಂದು ನೊಣ ಕೂತಿದೆಯಂತೆ. ಹಾರಿಹೋಗುವುದೂ ಇಲ್ಲ, ಸಾಯುವುದೂ ಇಲ್ಲ, ಹದಿನಾಲ್ಕನೆಯ ವಯಸ್ಸಿನಿಂದ ಗುಂಯ್‌ಗುಡುತ್ತಲೇ ಇದೆಯಂತೆ.

ಆ ನೊಣವನ್ನು ಅಲ್ಲಿ ಕೂರಿಸಿದವರು ಅವಳ ಶಾಲೆಯ ಹೆಡ್‌ಮಾಸ್ಟರು.

ಹೆಡ್‌ಮಾಸ್ಟರ ಕೋಣೆಯಲ್ಲಿ ಹೆಡ್‌ಮಾಸ್ಟರದೇ ಒಂದು ದೊಡ್ಡ ಭಾವಚಿತ್ರ ತೂಗುತ್ತಿತ್ತು. ತಾವು ಕೋಣೆಯಲ್ಲಿ ಇಲ್ಲದ ಹೊತ್ತಿನಲ್ಲಿ ಬಂದವರಿಗೆ ನಿರಾಸೆಯಾಗಬಾರದು ಎಂದಿರಬೇಕು. ಚಿತ್ರದಲ್ಲಿ ಅವರು ಹಲ್ಲು ಕಾಣುವಂತೆ ನಗುತ್ತಿದ್ದರು. ಅವರು ನಕ್ಕದ್ದನ್ನು ಮಕ್ಕಳು ನೋಡಿದ್ದು ಅದೊಂದೇ ಕಡೆ. ಒಂದು ಬೆಳಗ್ಗೆ ನೋಡಿದರೆ ಮುಂದಿನ ಹಲ್ಲೊಂದಕ್ಕೆ ಯಾರೋ ಮಸಿ ಬಳಿದಿದ್ದರು. ಹಿಂದಿನ ಸಂಜೆ ಆ ಕೋಣೆಯ ಕುರ್ಚಿಗಳನ್ನು ಹೊತ್ತು ಸಾಗಿಸಿದ್ದು ಅಕ್ಕನ ತರಗತಿ. ತರಗತಿಯ ಲೀಡರ್ ಅಕ್ಕ. ಅವಳನ್ನು ಲೀಡರ್ ಮಾಡಿದ್ದು ಗಂಟಲು ನೋಡಿ. ಅವಳು “ಅಟೆನ್ಷನ್” ಎಂದರೆ ಮೈದಾನದಾಚೆಯ ಕಾಗೆಗಳೂ ನೆಟ್ಟಗಾಗುತ್ತಿದ್ದವು.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು, ಹೆಡ್‌ಮಾಸ್ಟರು ಸ್ವತಃ ಯೋಚಿಸಿ ತಂದದ್ದು. ತಪ್ಪು ಮಾಡಿದವರು ಸಿಗದಿದ್ದರೆ ತರಗತಿಯ ಪರವಾಗಿ ಲೀಡರ್ ಏಟು ತಿನ್ನಬೇಕು. ಕೈ ಕಟ್ಟಿ ನಿಂತು ತಿನ್ನಬೇಕು. ತಿಂದ ಮೇಲೆ, ತಿದ್ದಿದ ಉಪಕಾರಕ್ಕೆ “ಥ್ಯಾಂಕ್ಯೂ ಸಾರ್” ಎನ್ನಬೇಕು. ಶಾಲೆ ನೋಡಲು ಬಂದ ದೊಡ್ಡವರಿಗೆಲ್ಲ ಹೆಡ್‌ಮಾಸ್ಟರು ಈ ಪದ್ಧತಿಯನ್ನು ವಿವರಿಸುತ್ತಿದ್ದರು. ದೊಡ್ಡವರೆಲ್ಲ ತಲೆದೂಗುತ್ತಿದ್ದರು. ಅವರಲ್ಲಿ ಯಾರೂ ಲೀಡರ್ ಆಗಿರಲಿಲ್ಲ.

ಬೆಳಗಿನ ಸಾಲಿನಲ್ಲಿ, ಇಡೀ ಶಾಲೆಯ ಎದುರು, ಅವಳು ಕೈ ಕಟ್ಟಿ ನಿಂತಳು. ಏಟು ಬಿತ್ತು. “ಥ್ಯಾಂಕ್ಯೂ ಸಾರ್” ಎಂದಳು. ದನಿ ಹೊರಡಲಿಲ್ಲ.

“ಕೇಳಿಸ್ಲಿಲ್ಲ. ಅಟೆನ್ಷನ್ ಅಂತ ಕೂಗೋ ಗಂಟಲು ಎಲ್ಲಿ ಹೋಯ್ತು?”

ಎರಡನೆಯದು ಎಡಗಿವಿಯ ಮೇಲೇ ಬಿತ್ತು. ಆಗ ಅವಳು ಜೋರಾಗಿ ಹೇಳಿದಳು. ಎಷ್ಟು ಜೋರಾಗಿ ಹೇಳಿದೆನೆಂದು ಅವಳಿಗೇ ಕೇಳಿಸಲಿಲ್ಲ.

ಮನೆಗೆ ಬಂದರೆ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಗೆ ತೋಳು ಹಚ್ಚುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು. ಎಲ್ಲ ಕೇಳಿ, ಪಿನ್ನು ತೆಗೆದು, “ಹೋಗ್ಲಿ ಬಿಡು. ಮೇಷ್ಟ್ರು ತಾನೆ ಹೊಡೆದದ್ದು” ಎಂದಳು. ಕಿವಿಯ ಡಾಕ್ಟರು ಇದು ಇಷ್ಟೇ ಎಂದಾಗಲೂ ಹೋಗ್ಲಿ ಬಿಡು. ನೋಡಿಕೊಂಡು ಹೋದ ಗಂಡಿನ ಕಡೆಯವರು ಕಿವಿಯ ಸುದ್ದಿ ಕೇಳಿ ಸುಮ್ಮನಾದಾಗಲೂ ಹೋಗ್ಲಿ ಬಿಡು. ಮುಂದೆ ಅಂಕಿಅಂಶ ಟೈಪು ಮಾಡುವ ಕಚೇರಿಯಲ್ಲಿ ಅವಳು ಮಾಡಿದ ಕೆಲಸಕ್ಕೆ ಮ್ಯಾನೇಜರು ಹಾರ ಹಾಕಿಸಿಕೊಂಡಾಗಲೂ ಅದೇ. ಬಿಟ್ಟದ್ದು ಯಾವುದೂ ಎಲ್ಲಿಗೂ ಹೋಗಲಿಲ್ಲ. ಎಲ್ಲ ಬಂದು ಎಡಗಿವಿಯಲ್ಲಿ ನೊಣದ ಪಕ್ಕ ಜಾಗ ಮಾಡಿಕೊಂಡು ಕೂತವು.

ಆ ಕಚೇರಿ ಮುಚ್ಚಿದಾಗ ಹಳೆಯ ಕಂಪ್ಯೂಟರುಗಳನ್ನು ಅವಳೇ ಕೊಂಡಳು. ಟೈಪಿಂಗ್ ಕಲಿಸುವ ಆಸೆಯಿತ್ತು. ಕಲಿಯಲು ಬಂದ ಮೊದಲ ಹುಡುಗ ಅವಳು ಆಚೆ ತಿರುಗಿದಾಗ ಒಂದು ಆಟ ಹಾಕಿಬಿಟ್ಟ, ಟೈಪಿಂಗ್ ಅಲ್ಲಿಗೇ ಮಡಿಯಿತು. ಆಟವೆಂದರೆ ಪಾಳುಬಿದ್ದ ಒಂದು ಕಾರ್ಖಾನೆ, ಅದರೊಳಗೆ ಕೋವಿ ಹಿಡಿದು ಒಬ್ಬರನ್ನೊಬ್ಬರು ಹುಡುಕುವುದು. ಹೊಡೆದವರ ಹೆಸರು, ಸತ್ತವರ ಹೆಸರು ಪರದೆಯ ಮೂಲೆಯಲ್ಲಿ ಮೂಡುತ್ತದೆ. ಸತ್ತವರು ಸ್ವಲ್ಪ ಹೊತ್ತಿನಲ್ಲೇ ಗೇಟಿನ ಹತ್ತಿರ ಮತ್ತೆ ಹುಟ್ಟುತ್ತಾರೆ.

ಇದರಲ್ಲಿ ಏನಿದೆ ನೋಡೋಣವೆಂದು ಒಂದು ಬೆಳಗ್ಗೆ, ಅಂಗಡಿ ತೆರೆಯುವ ಮುನ್ನ, ಅಕ್ಕ ತಾನೇ ಕೂತಳು. ಸತ್ತಳು. ಗೇಟಿನ ಹತ್ತಿರ ಎದ್ದಳು, ಕೈಯಲ್ಲಿ ಕೋವಿ ಹಾಗೇ ಇತ್ತು. ಅವಳನ್ನು ಕೊಂದವನು ಇನ್ನೂ ಅದೇ ಗೋಡೆಯ ಹಿಂದೆ ನಿಂತಿದ್ದ. ಹೋಗ್ಲಿ ಬಿಡು ಎನ್ನುವವರು ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಅವತ್ತು ಅಂಗಡಿ ತಡವಾಗಿ ತೆರೆಯಿತು.

ಶಿಷ್ಟಾಚಾರದ ಕಥೆ ಶುರುವಾದದ್ದು ಬೈಗುಳದಿಂದ. ಸತ್ತಾಗಲೆಲ್ಲ ಹುಡುಗರು ಕೊಂದವನ ಅಮ್ಮ, ಅಜ್ಜಿ, ಎಲ್ಲರನ್ನೂ ಎಳೆದು ತರುತ್ತಿದ್ದರು. ಕಿಟಕಿ ಮುಚ್ಚಿದರೂ ಬೀದಿಗೆ ಕೇಳುತ್ತಿತ್ತು. ಅಕ್ಕನಿಗೆ ಶಿಕ್ಷೆ ಎಂದರೆ ಗೊತ್ತಿದ್ದದ್ದು ಒಂದೇ. “ಸತ್ತವರು ಎದ್ದು ನಿಲ್ಬೇಕು. ಕೈ ಕಟ್ಬೇಕು. ಹೊಡೆದವರ ಹೆಸರು ಹೇಳಿ ಥ್ಯಾಂಕ್ಯೂ ಅನ್ಬೇಕು. ಇಲ್ದಿದ್ರೆ ಮೆಟ್ಟಿಲು ಆ ಕಡೆ ಇದೆ.” ಹುಡುಗರಿಗೆ ಇದು ಆಟಕ್ಕಿಂತ ದೊಡ್ಡ ಆಟವಾಯಿತು. ಬೈಗುಳ ಒಣಗಿಹೋಯಿತು. ಎಷ್ಟು ಒಳ್ಳೆಯ ನಡತೆ ಕಲಿಸುತ್ತೀರಮ್ಮ ಎಂದು ತಾಯಂದಿರು ಹೊಗಳಿದರು. ಅಕ್ಕ ತಲೆ ತಗ್ಗಿಸಿ ಮೌಸು ಬಿಚ್ಚಿದಳು. ಕೈ ಕಟ್ಟುವುದನ್ನು ನೋಡಲು ಅವಳು ನಿಯಮ ಮಾಡಿರಲಿಲ್ಲ. ಥ್ಯಾಂಕ್ಯೂ ಎಂದು ಕೂತ ಮಗು ಮರುಕ್ಷಣವೇ ಗುಂಡಿ ಒತ್ತಿ, ಹೊಡೆದವನನ್ನು ಹುಡುಕಿಕೊಂಡು ಓಡುತ್ತದಲ್ಲ, ಅದನ್ನು ಎಷ್ಟು ಸಲ ನೋಡಿದರೂ ಅವಳಿಗೆ ಸಾಲುತ್ತಿರಲಿಲ್ಲ.

ಕೌಂಟರಿನ ಹಿಂದೆ ಏಳನೆಯದೊಂದು ಕಂಪ್ಯೂಟರಿತ್ತು. ಪರದೆ ಗೋಡೆಯ ಕಡೆಗೆ. ಬಂದವರು ಅಕ್ಕ ಲೆಕ್ಕ ಬರೆಯುತ್ತಾಳೆ ಎಂದುಕೊಳ್ಳುತ್ತಿದ್ದರು. ಆಟದೊಳಗೆ ‘ಲೀಡರ್’ ಎಂಬ ಹೆಸರಿನವರು ಯಾರೆಂದು ಮಕ್ಕಳಿಗೆ ಮಾತ್ರ ಗೊತ್ತಿತ್ತು, ಮಕ್ಕಳು ಅದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲ. ಮನೆಯಲ್ಲಿ ಅವರು ಏನನ್ನೂ ಹೇಳುತ್ತಿರಲಿಲ್ಲ. ಕೊಕ್ಕರೆ ಎಂಬ ಉದ್ದನೆಯ ಹುಡುಗನ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅಪ್ಪ ದೊಡ್ಡಪ್ಪನ ಮಗನ ಅಂಕ ಬಡಿಸುತ್ತಿದ್ದರು. ಎರಡು ಜಡೆಯವಳನ್ನು ಶಾಲೆಯ ಬಸ್ಸಿನಲ್ಲಿ ಯಾರೂ ಪಕ್ಕ ಕೂರಿಸಿಕೊಳ್ಳುತ್ತಿರಲಿಲ್ಲ. ಇದನ್ನೆಲ್ಲ ಅಕ್ಕ ಕೇಳಿ ತಿಳಿದದ್ದಲ್ಲ. ಸತ್ತು ಎದ್ದವರು ಹಲ್ಲು ಕಚ್ಚಿಕೊಂಡು ತಮ್ಮಷ್ಟಕ್ಕೆ ಗೊಣಗುತ್ತಾರೆ, ಬಲಗಿವಿ ಚೆನ್ನಾಗಿತ್ತು.

ಹೀಗಿರುವಾಗ ಕೆಳಗಿನ ಔಷಧಿ ಅಂಗಡಿಯವರಿಗೆ ಯುವಜನರ ಭವಿಷ್ಯದ ಚಿಂತೆ ಹತ್ತಿಕೊಂಡಿತು. ಅವರು ಒಂದು ಸಮಿತಿ ಕಟ್ಟಿ ತಾವೇ ಕಾರ್ಯದರ್ಶಿಯಾದರು. ಅಕ್ಕನ ಅಂಗಡಿಯ ಪರವಾನಗಿ ನವೀಕರಣವಾಗುವ ಮುನ್ನ ಸಮಿತಿಯ ವರದಿ ನೋಡುತ್ತೇವೆ ಎಂದು ನಗರಸಭೆಯವರೂ ಒಪ್ಪಿದರು. ವರದಿ ಚೆನ್ನಾಗಿದ್ದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು. ಅಕ್ಕ, ಅಮ್ಮ, ಇಬ್ಬರ ಅನ್ನವೂ ಆ ಕೋಣೆಯಿಂದಲೇ ಬರುತ್ತಿತ್ತು. ಅಮ್ಮನ ಕಣ್ಣು ಹೊಲಿಗೆಗೆ ಸಾಲದಾಗಿ ವರ್ಷಗಳಾಗಿದ್ದವು. ‘ಹಿಂಸೆಯ ಆಟಗಳು ಹದಿಹರೆಯದವರನ್ನು ಏಕೆ ಸೆಳೆಯುತ್ತವೆ’ ಎಂಬ ಆ ವರದಿಯನ್ನು ಬರೆಯಲು ಸಮಿತಿ ಒಬ್ಬ ಹಿರಿಯ ಶಿಕ್ಷಣತಜ್ಞರನ್ನು ಕೇಳಿಕೊಂಡಿತು.

ಮೆಟ್ಟಿಲಿನಲ್ಲಿ ಮೊದಲು ಊರುಗೋಲಿನ ಸದ್ದು, ಆಮೇಲೆ ಏದುಸಿರು, ಆಮೇಲೆ ಕೋಟು. ಕೋಟಿನ ಮೇಲಿನ ಮುಖವನ್ನು ಅಕ್ಕ ನೋಡಿದಳು. ಎಡಗಿವಿಯ ನೊಣ ಎದ್ದು ನಿಂತಿತು.

ಹೆಡ್‌ಮಾಸ್ಟರು ಅವಳನ್ನು ಗುರುತಿಸಲಿಲ್ಲ. ಕೌಂಟರಿನ ಮುಂದೆ ನಿಂತು ತಮ್ಮ ಪರಿಚಯ ಶುರು ಮಾಡಿದರು. ಅದು ಮುಗಿಯುವ ಲಕ್ಷಣ ಕಾಣದಿದ್ದರಿಂದ ಅಕ್ಕ ಕುರ್ಚಿ ಹಾಕಿದಳು. ಅಷ್ಟರಲ್ಲಿ ಎರಡು ಜಡೆಯವಳು ಸತ್ತು, ಎದ್ದು, ಕೈ ಕಟ್ಟಿ, ಥ್ಯಾಂಕ್ಯೂ ಎಂದು ಕೂತಳು. ಹೆಡ್‌ಮಾಸ್ಟರ ಮುಖ ಅರಳಿತು.

“ಭೇಷ್. ಈ ಶಿಸ್ತು ನಮ್ಮ ಶಾಲೇಲೂ ಇತ್ತಮ್ಮ. ನಾನೇ ತಂದದ್ದು. ಈಗೆಲ್ಲ ಎಲ್ಲಿದೆ ಹೇಳು? ಮಕ್ಕಳಿಗೆ ಒಂದು ಏಟು ಕೊಟ್ರೆ ಅಪ್ಪ ಅಮ್ಮ ವಕೀಲರನ್ನ ಕರ್ಕೊಂಡು ಬರ್ತಾರೆ.”

“ಆಗ ಬರ್ತಿರಲಿಲ್ವಾ ಸಾರ್?”

“ಆಗಿನ ತಾಯಂದಿರು ತುಂಬ ತಿಳಿದೋರು.”

ಹಿಂದಿನ ಪುಟ್ಟ ಕೋಣೆಯಲ್ಲಿ ಅಂಗಿಯ ಗುಂಡಿ ಆರಿಸುತ್ತ ಕೂತಿದ್ದ ಅಮ್ಮನ ಕೈಯಿಂದ ಗುಂಡಿಯ ಡಬ್ಬ ಜಾರಿತು.

ಹೆಡ್‌ಮಾಸ್ಟರು ಸುಮ್ಮನೆ ಕೂತು ನೋಡಿ ಬರೆದುಕೊಂಡು ಹೋಗುವವರಿದ್ದರು. ಅಕ್ಕ ಮೌಸಿಗೆ ಸ್ಕ್ರೂ ಹಾಕುತ್ತ, ತಲೆ ಎತ್ತದೆ, “ಆಡದೆ ಹೇಗೆ ಬರೀತೀರಿ ಸಾರ್? ನೀರಿಗಿಳೀದೆ ಈಜಿನ ಬಗ್ಗೆ ಬರೆದ ಹಾಗಾಗುತ್ತೆ. ಬೇರೆಯವರು ಹಾಗೆ ಬರೀಬಹುದು. ನೀವು ಬರೀಬಾರದು” ಎಂದಳು. ಆ ಕೊನೆಯ ಮಾತು ಕೋಟಿನ ಒಳಗೆ ಇಳಿಯಿತು. ಅವರು ಎದ್ದು ಹೋಗಿ ಖಾಲಿಯಿದ್ದ ಕಂಪ್ಯೂಟರಿನ ಮುಂದೆ ಕೂತರು. ಆಟಕ್ಕೆ ಒಂದು ಅಡ್ಡಹೆಸರು ಬೇಕು ಎಂದು ಕೊಕ್ಕರೆ ಹೇಳಿದ. ತಮಗೆ ಅಡ್ಡಹೆಸರಿನ ಅಭ್ಯಾಸವಿಲ್ಲ ಎಂದು ಅವರು ‘ನಿವೃತ್ತ ಹೆಡ್‌ಮಾಸ್ಟರ್’ ಎಂದೇ ಬರೆಸಿದರು. ಅವರಿಗೆ ಶಾಲೆಯಲ್ಲಿದ್ದ ಅಡ್ಡಹೆಸರು ಅಕ್ಕನಿಗೆ ಇನ್ನೂ ನೆನಪಿತ್ತು, ಇಲ್ಲಿ ಬರೆಯುವಂಥದ್ದಲ್ಲ.

ನಿವೃತ್ತ ಹೆಡ್‌ಮಾಸ್ಟರು ಗೇಟು ದಾಟಿ ಒಳಗೆ ಬಂದರು. ಕೋವಿಯನ್ನು ಆಕಾಶಕ್ಕೆ ಹಿಡಿದು, ಗೋಡೆಗೆ ಮುಖ ಕೊಟ್ಟು, ದಾರಿ ಹುಡುಕತೊಡಗಿದರು. ಕೌಂಟರಿನ ಹಿಂದೆ ಅಕ್ಕ ಸ್ಕ್ರೂಡ್ರೈವರು ಕೆಳಗಿಟ್ಟು ಏಳನೆಯ ಮೌಸಿಗೆ ಕೈ ಹಾಕಿದಳು. ಅವಸರ ಮಾಡಲಿಲ್ಲ. ಹಿಂದಿನಿಂದ ಹೊಡೆಯಲಿಲ್ಲ. ಅವರು ತಿರುಗುವವರೆಗೆ ಕಾದು, ಎದುರಿಗೆ ಬಂದು ನಿಂತು, ಹೊಡೆದಳು.

“ಸಾರ್, ಎದ್ದು ನಿಲ್ಬೇಕು” ಎಂದ ಕೊಕ್ಕರೆ.

“ನಾನು ಪರಿಶೀಲನೆಗೆ ಬಂದವನು ಕಣಯ್ಯ.”

“ನಿಯಮ ಎಲ್ರಿಗೂ ಒಂದೇ ಅಲ್ವಾ ಸಾರ್” ಎಂದಳು ಅಕ್ಕ. ಅದು ಅವರದೇ ಮಾತು, ಬೆಳಗಿನ ಸಾಲಿನಲ್ಲಿ ದಿನಾ ಹೇಳುತ್ತಿದ್ದದ್ದು.

ಶಿಸ್ತಿನ ಮನುಷ್ಯ. ಎದ್ದರು. ಕೋಟಿನ ಮೇಲೆ ಕೈ ಕಟ್ಟಿದರು. ಪರದೆಯ ಮೂಲೆಯ ಹೆಸರನ್ನು ಕನ್ನಡಕ ಸರಿಸಿ ಓದಿ, ಇಡೀ ಕೋಣೆಗೆ ಹೇಳಿದರು: “ಥ್ಯಾಂಕ್ಯೂ, ಲೀಡರ್.”

“ಕೇಳಿಸ್ಲಿಲ್ಲ ಸಾರ್” ಎಂದಳು ಅಕ್ಕ. “ನಂಗೆ ಒಂದು ಕಿವಿ ಮಂದ.”

ಅವರು ಜೋರಾಗಿ ಹೇಳಿದರು.

ಅಂದು ಮನೆಗೆ ಹೋಗುವಾಗ ಅಕ್ಕನಿಗೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಬದಲಿಗೆ ಹಸಿವಾಯಿತು. ಅದೃಷ್ಟಕ್ಕೆ ಹೆಡ್‌ಮಾಸ್ಟರು ಮರುದಿನವೂ ಬಂದರು. ಒಂದೇ ದಿನದ ಅಧ್ಯಯನ ಸಾಲದು ಎಂದರು. ಅದರ ಮರುದಿನವೂ ಸಾಲಲಿಲ್ಲ. ನಾಲ್ಕನೆಯ ದಿನಕ್ಕೆ ಬರೆಯುವ ಕಡತ ಮನೆಯಲ್ಲೇ ಉಳಿಯಿತು, ಆಮೇಲೆ ಕೋಟೂ ಉಳಿಯಿತು. ಅಂಗಿಯ ತೋಳು ಮೇಲೇರಿತು. ಈಗ ಅವರಿಗೆ ಗೋಡೆ ಯಾವುದು, ಬಾಗಿಲು ಯಾವುದು ಎಂದು ಗೊತ್ತಾಗುತ್ತಿತ್ತು. ಎರಡು ಜಡೆಯವಳನ್ನು ಒಮ್ಮೆ ಹೊಡೆದು, ಅವಳಿಂದ ಥ್ಯಾಂಕ್ಯೂ ಹೇಳಿಸಿಕೊಂಡು, ಮಗುವಿನಂತೆ ನಕ್ಕಿದ್ದರು. ಹಲ್ಲುಗಳೆಲ್ಲ ಕಟ್ಟಿಸಿದವು, ಬೆಳ್ಳಗಿದ್ದವು. ಆದರೆ ಲೀಡರ್ ಮಾತ್ರ ಅವರ ಕೈಗೆ ಸಿಗಲಿಲ್ಲ. ಎಲ್ಲಿ ಅಡಗಿದರೂ ಎದುರಿಗೆ ಬಂದು ನಿಲ್ಲುವುದು, ಒಂದು ಕ್ಷಣ ಕಾಯುವುದು, ಹೊಡೆಯುವುದು.

“ಯಾರೋ ಅದು ಲೀಡರ್?” ಎಂದು ಸಾಲಿನ ಹಿಂದೆ ಓಡಾಡುತ್ತ ಕೇಳುತ್ತಿದ್ದರು. ಮಕ್ಕಳ ಐದು ಬೆನ್ನುಗಳಿಗೂ ಕಿವಿ ಇರಲಿಲ್ಲ. ಅವರ ಅನುಮಾನ ಕೊಕ್ಕರೆಯ ಮೇಲೆ. ಎಲ್ಲರಿಗಿಂತ ಉದ್ದವಿದ್ದವನೇ ಲೀಡರ್ ಆಗಿರಬೇಕು ಎಂಬುದು ಅವರ ಲೆಕ್ಕ. ಅಕ್ಕನ ಮೇಲೆ ಅನುಮಾನವೇ ಇರಲಿಲ್ಲ.

“ಹೆಂಗಸರಿಗೆ ಈ ಹೊಡೆದಾಟ ಎಲ್ಲ ಹಿಡಿಸಲ್ಲ, ಅಲ್ವೇನಮ್ಮ?” ಎಂದು ಒಮ್ಮೆ ಚಹಾ ಕುಡಿಯುತ್ತ ಕೇಳಿದರು.

“ಎಲ್ಲಿ ಹಿಡಿಸುತ್ತೆ ಸಾರ್” ಎಂದಳು ಅಕ್ಕ. ಆಗತಾನೆ ಅವರನ್ನು ಬಾಯ್ಲರಿನ ಹಿಂದೆ ಮಲಗಿಸಿ ಬಂದಿದ್ದಳು.

ನಗರಸಭೆಯ ಗಡುವು ಹತ್ತಿರವಾಯಿತು. ಔಷಧಿ ಅಂಗಡಿಯವರು ಮೆಟ್ಟಿಲ ಕೆಳಗೆ ಹೆಡ್‌ಮಾಸ್ಟರನ್ನು ತಡೆದು ವರದಿಯೆಲ್ಲಿ ಎಂದು ಕೇಳಿದ್ದು, ಅವರು ಸಿಡುಕಿ, “ನಾಳೆ ಕೊಡ್ತೀನಿ, ಮುಚ್ಚಿಸೋದೇ ವಾಸಿ ಇಂಥ ಜಾಗಾನ” ಎಂದದ್ದು, ಕಿಟಕಿಯ ಬಳಿ ನಿಂತಿದ್ದ ಕೊಕ್ಕರೆಗೆ ಕೇಳಿಸಿತು. ಅವರು ಅಂದು ಹೊರಟ ಮೇಲೆ ಅವನು ಕೌಂಟರಿನ ಮೇಲೆ ಬಗ್ಗಿ ನಿಂತ.

“ಅಕ್ಕಾ, ನಾಳೆ ಒಂದೇ ಒಂದ್ಸಲ ಸತ್ತುಬಿಡಿ.”

“ಯಾಕೋ?”

“ನೀವು ಸತ್ರೆ ತಾತ ಖುಷಿಯಾಗಿ ಒಳ್ಳೇದು ಬರೀತಾರೆ. ನಾನು ಗಣಿತದ ಸಾರ್ ಜೊತೆ ಕೇರಮ್ ಆಡುವಾಗ ಸೋಲ್ತೀನಲ್ಲ, ಹಾಗೆ. ಇಲ್ಲಾಂದ್ರೆ ಅಂಗಡಿ ಹೋಗುತ್ತೆ. ನಾವೆಲ್ಲಿಗೆ ಹೋಗೋದು?”

ಎರಡು ಜಡೆಯವಳು ಚೀಲ ಬೆನ್ನಿಗೇರಿಸಿ ಬಾಗಿಲಲ್ಲೇ ನಿಂತಿದ್ದಳು.

ಅಕ್ಕನಿಗೆ ಮಾತು ಸರಿಯೆನಿಸಿತು. ಗುಂಡಿನ ಏಟೇನು ನಿಜವೇ? ಒಂದು ಸಲ ಬಿದ್ದು ಎದ್ದರೆ ಅಂಗಡಿ ಉಳಿಯುತ್ತದೆ. “ಆಯ್ತು, ಸಾಯ್ತೀನಿ ಹೋಗು” ಎಂದಳು. ಅಮ್ಮ ಒಳಗಿನಿಂದ, “ಯಾರು ಸಾಯೋದು?” ಎಂದು ಕೇಳಿದಳು. “ಯಾರೂ ಇಲ್ಲಮ್ಮ, ನಾನೇ.” “ಅಯ್ಯೋ, ಊಟ ಮಾಡಿ ಸಾಯಿ” ಎಂದಳು ಅಮ್ಮ.

ಮರುದಿನ ಸಂಜೆ ಲೀಡರ್ ಕಾರ್ಖಾನೆಯ ಅಂಗಳದ ನಟ್ಟನಡುವೆ ಬಂದು ನಿಂತಳು. ಗೋಡೆ ಇಲ್ಲ, ಮರೆ ಇಲ್ಲ. ಅಕ್ಕ ಮೌಸಿನಿಂದ ಬೆರಳು ಎತ್ತಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ನಿವೃತ್ತ ಹೆಡ್‌ಮಾಸ್ಟರು ಕಂಬದ ಹಿಂದಿನಿಂದ ಇಣುಕಿದರು. ಹೊರಗೆ ಬಂದರು. ಇನ್ನೂ ಹತ್ತಿರ ಬಂದರು. ಮಕ್ಕಳೆಲ್ಲ ತಮ್ಮ ತಮ್ಮ ಕೋವಿ ಇಳಿಸಿದ್ದರು. ಬೆರಳನ್ನು ಎಡಗುಂಡಿಯ ಮೇಲಿಟ್ಟು ಹೆಡ್‌ಮಾಸ್ಟರು, ಆ ಹಳೆಯ ದನಿಯಲ್ಲಿ, ನಿಧಾನವಾಗಿ ಹೇಳಿದರು:

“ಹಾಂ. ಹಾಗೆ ಕೈ ಕಟ್ಕೊಂಡು ನಿಲ್ಲು. ಅಲ್ಲಾಡಬೇಡ.”

ಅಕ್ಕನ ಕೈ ತೊಡೆಯಿಂದ ಯಾವಾಗ ಎದ್ದಿತೋ ಅವಳಿಗೆ ಗೊತ್ತಾಗಲಿಲ್ಲ. ಪರದೆಯ ಮೂಲೆಯಲ್ಲಿ, ಹೊಡೆದವರ ಜಾಗದಲ್ಲಿ, ತನ್ನ ಹೆಸರು ಮೂಡಿದಾಗಲೇ ಗೊತ್ತಾದದ್ದು. ಕೊಕ್ಕರೆ ತಲೆಯ ಮೇಲೆ ಕೈಯಿಟ್ಟುಕೊಂಡ.

ಕೈಗೆ ಬಂದದ್ದು ಹೀಗೆ ತಪ್ಪಿದ ಮೇಲೆ ಹೆಡ್‌ಮಾಸ್ಟರಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಎದ್ದವರು ಕೈ ಕಟ್ಟಲಿಲ್ಲ, ಥ್ಯಾಂಕ್ಯೂ ಎನ್ನಲಿಲ್ಲ. ನೆಟ್ಟಗೆ ಕೊಕ್ಕರೆಯ ಹತ್ತಿರ ಹೋದರು.

“ನೀನೇ ಲೀಡರ್. ಗೊತ್ತು ನಂಗೆ. ಏಳು ಮೇಲೆ. ಕೈ ಕಟ್ಟು.”

ಕೊಕ್ಕರೆ ಎದ್ದ. ಅಭ್ಯಾಸಬಲ, ಕೈ ಕಟ್ಟಿದ. ಹೊಡೆಯಲು ಮೇಲೆದ್ದ ಹೆಡ್‌ಮಾಸ್ಟರ ಹಳೆಯ ಕೈ ಅವನ ಎತ್ತರಕ್ಕೆ ಸರಿಯಾಗಿ ಹಿಂದಕ್ಕೆ ಹೋಯಿತು.

“ಅವನಲ್ಲ ಸಾರ್.”

ಅಕ್ಕ ಕೌಂಟರಿನ ಆಚೆಯಿಂದ ಬಂದು ಇಬ್ಬರ ನಡುವೆ ನಿಂತಿದ್ದಳು. ಕೈ ಕಟ್ಟಿರಲಿಲ್ಲ. ಒಂದು ಕೈಯಲ್ಲಿ ಸ್ಕ್ರೂಡ್ರೈವರಿತ್ತು. “ಲೀಡರ್ ನಾನು. ಆಗಲೂ ನಾನೇ, ಈಗಲೂ ನಾನೇ.”

ಮೇಲೆದ್ದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕನ್ನಡಕ ಸರಿಮಾಡಿತು. “ಆಗ ಅಂದ್ರೆ?”

ಅವಳು ಹೇಳಿದಳು. ಬೆಳಗಿನ ಸಾಲು, ಕುರ್ಚಿ ಸಾಗಿಸಿದ ತರಗತಿ, ಭಾವಚಿತ್ರದ ಹಲ್ಲು, ಮೊದಲನೆಯ ಏಟು, ಕೇಳಿಸಲಿಲ್ಲ ಎಂದದ್ದು, ಎರಡನೆಯ ಏಟು. ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು, ಎಲ್ಲಿಯೂ ತಡವರಿಸಲಿಲ್ಲ. ಹೆಡ್‌ಮಾಸ್ಟರು ಹುಬ್ಬು ಗಂಟಿಕ್ಕಿ ಕೇಳಿದರು. ನೆನಪು ಬರುತ್ತಿರುವುದು ಮುಖದಲ್ಲಿ ಕಾಣಿಸಿತು. ಅಕ್ಕ ಕಾದಳು.

“ಆ ಚಿತ್ರ!” ಎಂದರು ಅವರು. “ಹಲ್ಲಿನ ಮಸಿ ತೆಗೆಸೋಕೆ ಚಿತ್ರಗಾರನನ್ನೇ ಕರೆಸಬೇಕಾಯ್ತು. ತುಟೀನೂ ಕೆಡಿಸಿಟ್ಟ, ಪಾಪಿ. ಅಂದ ಹಾಗೆ, ಅದು ಮಾಡಿದ್ದು ಯಾರು ಅಂತ ಆಮೇಲೆ ಗೊತ್ತಾಯ್ತಾ?”

“ನನ್ನ ನೆನಪಿಲ್ವಾ ಸಾರ್?”

“ಎಷ್ಟು ಜನ ಲೀಡರುಗಳು ಬಂದು ಹೋದ್ರು ತಾಯಿ. ಎಲ್ಲರ ಕೆನ್ನೆ ನೆನಪಿಟ್ಕೊಳ್ಳೋಕಾಗುತ್ತಾ?” ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅದೇ ಹೆಚ್ಚು ಉರಿಯಿತು. “ಏನೇ ಆಗ್ಲಿ, ಹೊಡೆದದ್ದು ನಿಮ್ಮ ಒಳ್ಳೇದಕ್ಕೇ.”

“ಗೊತ್ತು ಸಾರ್. ನಾನೂ ನಿಮ್ಮ ಒಳ್ಳೇದಕ್ಕೇ ಹೊಡೆದದ್ದು.”

ಹೆಡ್‌ಮಾಸ್ಟರು ಊರುಗೋಲು ತೆಗೆದುಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, “ಇವತ್ತೇ ವರದಿ ಬರೆದುಹಾಕ್ತೀನಿ” ಎಂದರು. ಮೆಟ್ಟಿಲು ಇಳಿಯುವ ಸದ್ದು ಹತ್ತುವಾಗಿನದಕ್ಕಿಂತ ಚುರುಕಾಗಿತ್ತು.

ಮಕ್ಕಳನ್ನು ಮನೆಗೆ ಕಳಿಸಿ ಅಕ್ಕ ಹಿಂದಿನ ಕೋಣೆಗೆ ಹೋದಳು. ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಹೋಗ್ಲಿ ಬಿಡು ಎನ್ನುತ್ತಾಳೆ ಎಂದು ಅಕ್ಕ ಕಾಯುತ್ತ ಕೂತಳು. ಎಂದರೆ ಈ ಸಲ ಜಗಳ ಆಡಿಯೇಬಿಡುವುದೆಂದು ಗಟ್ಟಿಮಾಡಿಕೊಂಡೂ ಇದ್ದಳು.

“ತಿಳಿದೋರು ಅಂದನಲ್ಲ ಅವತ್ತು, ತಾಯಂದಿರನ್ನ” ಎಂದಳು ಅಮ್ಮ. “ತಿಳಿದೋಳಲ್ಲ ನಾನು. ಅವನ ಹೆಂಡತಿಯ ಎರಡು ರವಿಕೆ ಹೊಲಿಯೋಕೆ ಬಂದಿದ್ವು ಕಣೇ. ಕೇಳೋಕೆ ಹೋದ್ರೆ ಆ ಮನೆ ಕೆಲಸ ತಪ್ಪುತ್ತೆ ಅಂತ ಸುಮ್ನಾದೆ. ಹೊಲಿದೂ ಕೊಟ್ಟೆ. ಚೆನ್ನಾಗೇ ಹೊಲಿದೆ.” ಸ್ವಲ್ಪ ಹೊತ್ತು ಗುಂಡಿಗಳನ್ನು ಅತ್ತಿತ್ತ ಸರಿಸಿದಳು. ಆಮೇಲೆ ಕೇಳಿದಳು: “ಯಾವುದನ್ನ ಒತ್ತಿದ್ರೆ ಅವನಿಗೆ ಬೀಳುತ್ತೆ?”

ಅಕ್ಕ ಏಳನೆಯ ಕಂಪ್ಯೂಟರಿನ ಮುಂದೆ ಅಮ್ಮನನ್ನು ಕೂರಿಸಿ, ಬೆರಳು ಹಿಡಿದು ಎಡಗುಂಡಿಯ ಮೇಲಿಟ್ಟಳು. ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಅಮ್ಮ ಖಾಲಿ ಗೋಡೆಗೇ ಬಹಳ ಹೊತ್ತು ಹೊಡೆದಳು.

ಮರುದಿನ ಅಕ್ಕ ತಂತಿಗಳನ್ನು ಸುತ್ತಿ ಕಟ್ಟುತ್ತಿದ್ದಳು. ಯಾರೋ ಬಂದು ಬಾಗಿಲಿಗೆ ಚೀಟಿ ಅಂಟಿಸುವ ಮುನ್ನ ತಾನೇ ಎತ್ತಿಟ್ಟರೆ ಮರ್ಯಾದೆ. ಮೆಟ್ಟಿಲಿನಲ್ಲಿ ಊರುಗೋಲಿನ ಸದ್ದಾಯಿತು. ಹೆಡ್‌ಮಾಸ್ಟರು ಒಳಗೆ ಬಂದರು. ಕೋಟಿಲ್ಲ. ಕಣ್ಣು ಕೆಂಪಗಿದ್ದವು, ನಿದ್ದೆ ಮಾಡಿದವರಂತೆ ಕಾಣಲಿಲ್ಲ. ಯಾರ ಮುಖವನ್ನೂ ನೋಡದೆ ತಮ್ಮ ಕುರ್ಚಿಯಲ್ಲಿ ಕೂತು, ತೋಳು ಮಡಚಿದರು.

“ಆನ್ ಮಾಡು.”

“ವರದಿ ಸಾರ್?”

“ಮೊದಲು ಆನ್ ಮಾಡು ಅಂದೆ. ಆ ಬಾಯ್ಲರಿನ ಹತ್ರ ಒಂದು ಏಣಿ ಇದೆ, ನೀನು ಅದರ ಮೇಲಿಂದ ಬರ್ತೀಯ. ನಿನ್ನೆಯಿಂದ ಯೋಚಿಸ್ತಿದ್ದೀನಿ.”

ಅಕ್ಕ ಸುತ್ತಿದ ತಂತಿ ಬಿಚ್ಚಿದಳು. ಕೊಕ್ಕರೆಯ ಬುದ್ಧಿವಾದ ಕೇಳಿ ಹಿಂದಿನ ದಿನ ಸತ್ತಿದ್ದರೆ ಏನಾಗುತ್ತಿತ್ತೆಂದು ಆಗ ಹೊಳೆಯಿತು: ಗೆದ್ದ ಖುಷಿಯಲ್ಲಿ ಅವರು ಮನೆಗೆ ಹೋಗಿ, ಸಮಾಧಾನವಾಗಿ ಕೂತು, ದುಂಡಗಿನ ಅಕ್ಷರದಲ್ಲಿ ಅಂಗಡಿ ಮುಚ್ಚಿಸುತ್ತಿದ್ದರು.

ಗಡುವಿನ ದಿನ ಔಷಧಿ ಅಂಗಡಿಯವರು ತಾವೇ ಮೆಟ್ಟಿಲು ಹತ್ತಿ ಬಂದರು. ಹೆಡ್‌ಮಾಸ್ಟರು ಪರದೆಯಿಂದ ಕಣ್ಣು ಕೀಳಲಿಲ್ಲ.

“ಅಧ್ಯಯನ ಮುಗಿದಿಲ್ಲ ಕಣ್ರೀ.”

“ಪರವಾನಗಿ ನವೀಕರಣ ಇವತ್ತೇ ಅಲ್ವಾ ಸಾರ್. ನಗರಸಭೆಗೆ ಏನು ಹೇಳ್ಲಿ?”

“ಮಾಡಿಕೊಡೋಕೆ ಹೇಳಿ. ಮಧ್ಯದಲ್ಲಿ ಮುಚ್ಚಿಸಿದ್ರೆ ಅಧ್ಯಯನ ಎಲ್ಲಿ ಕೂತು ಮಾಡ್ಲಿ, ನಿಮ್ಮ ಔಷಧಿ ಅಂಗಡೀಲಾ? ಸುಮ್ನಿರಿ, ಅವಳು ಎಲ್ಲೋ ಹತ್ರದಲ್ಲೇ ಇದ್ದಾಳೆ.”

ಇದ್ದಳು. ಏಣಿಯನ್ನು ಬಿಟ್ಟು, ಕೆಳಗಿನ ಚರಂಡಿಯಿಂದ ಎದ್ದು ಬಂದು, ಎದುರಿಗೆ ನಿಂತು, ಒಂದು ಕ್ಷಣ ಕಾದು, ಹೊಡೆದಳು.

ಹೆಡ್‌ಮಾಸ್ಟರು ಎದ್ದರು. ಈಗೀಗ ಅವರು ಕೌಂಟರಿನ ಕಡೆಗೇ ತಿರುಗಿ ನಿಲ್ಲುತ್ತಾರೆ. ಕೈ ಕಟ್ಟಿ, ಹಲ್ಲು ಕಚ್ಚಿ, “ಥ್ಯಾಂಕ್ಯೂ, ಲೀಡರ್” ಎಂದರು. ಕಾರ್ಯದರ್ಶಿಯ ಮುಂದೆ ಹೀಗೆ ನಿಂತದ್ದು ಅರಿವಾಗಿ, ಹೆಡ್‌ಮಾಸ್ಟರು ಬೇಗ ಜೇಬಿನಿಂದ ಪೆನ್ನು ತೆಗೆದರು, ಗಂಟಲು ಸರಿಮಾಡಿಕೊಂಡರು, ಶಿಕ್ಷಣತಜ್ಞರ ದನಿ ತಂದುಕೊಂಡರು.

“ಅಲ್ಲಮ್ಮ, ಸಮಿತಿಯ ಪರವಾಗಿ ಕೇಳ್ತೀನಿ. ಇಷ್ಟು ಹೊಡಿ, ಬಡಿ, ಕೊಲ್ಲು ಅನ್ನೋ ಆಟಕ್ಕೆ ಈ ವಯಸ್ಸಿನ ಮಕ್ಕಳು ದಿನಾ ಯಾಕೆ ಬರ್ತಾರೆ?”

ಅಕ್ಕ ಮೌಸಿನ ಮೇಲಿನ ಬೆರಳು ತೆಗೆಯಲಿಲ್ಲ.

“ನೀವು ಯಾಕೆ ಬರ್ತಿದ್ದೀರೋ ಅದಕ್ಕೇ ಸಾರ್. ತಿರುಗಿ ಹೊಡೆಯೋಕೆ.”